ನವೆಂಬರ್‌ನಲ್ಲಿ ಕ್ಯಾಂಪರ್ ವ್ಯಾನ್ ಹತ್ತಿ ಬಾಲ್ಕನ್ ಕರಾವಳಿಗೆ ಹೋಗಬಹುದಾ?

ಪ್ರಶ್ನೆ: ನಾವು ಮ್ಯೂನಿಕ್‌ನಲ್ಲಿ ಕೆಲಸದಲ್ಲಿರುವ ಗಂಡ ಹೆಂಡತಿ. ದಾವಣಗೆರೆಯಿಂದ ಅಮ್ಮ ಟೂರಿಸ್ಟ್ ವೀಸಾದಲ್ಲಿ ಬಂದಿದ್ದಾರೆ. ನವೆಂಬರ್ 10ರ ಹೊತ್ತಿಗೆ ಕ್ಯಾಂಪರ್ ವ್ಯಾನ್ (ಒಳಗೇ ಮಲಗಿ, ಅಡುಗೆ ಮಾಡಿಕೊಳ್ಳುವ ಗಾಡಿ) ಬಾಡಿಗೆಗೆ ತಗೊಂಡು ಮೂರು ವಾರ ಸುತ್ತುವ ಆಸೆ. ಕ್ರೊಯೇಷಿಯಾದಿಂದ ಹಿಡಿದು ಅಲ್ಬೇನಿಯಾದ ಸರಾಂಡಾವರೆಗೆ ಕರಾವಳಿಯುದ್ದಕ್ಕೂ. ಬೇಸಿಗೆಗಿಂತ ಬಾಡಿಗೆ ತುಂಬಾ ಕಡಿಮೆ. ಆದರೆ ಗೆಳೆಯರೆಲ್ಲ "ಚಳಿಯಲ್ಲಿ ಸಾಯ್ತೀರಾ" ಅಂತಿದ್ದಾರೆ. ದಿನಕ್ಕೆ 300 ಕಿ.ಮೀ. ಅಂತ ಲೆಕ್ಕ ಹಾಕಿದ್ದೇವೆ. ಹೋಗಬಹುದಾ? ಅಮ್ಮ ಶುದ್ಧ ಸಸ್ಯಾಹಾರಿ.

ಉತ್ತರ: ಹೋಗಿ. ಆದರೆ ಆ 300 ಕಿ.ಮೀ. ಲೆಕ್ಕವನ್ನು ಇವತ್ತೇ ಹರಿದು ಹಾಕಿ.

ಮೊದಲು ನಿಮ್ಮ ಗೆಳೆಯರ ಮಾತಿಗೆ ಬರೋಣ. ನವೆಂಬರ್ ನಡುವಿನಲ್ಲಿ ದುಬ್ರೋವ್ನಿಕ್‌ನಲ್ಲಿ ಹಗಲು 15-16 ಡಿಗ್ರಿ ಇರುತ್ತದೆ, ರಾತ್ರಿ 10ರ ಆಸುಪಾಸು. ಮ್ಯೂನಿಕ್‌ನಲ್ಲಿ ಇರುವವರಿಗೆ ಇದು ಚಳಿಯೇ ಅಲ್ಲ. ಅಮ್ಮನಿಗೆ ಒಂದು ಸ್ವೆಟರ್ ಜಾಸ್ತಿ ಬೇಕಾದೀತು, ಅಷ್ಟೇ. ಈ ಕರಾವಳಿಯಲ್ಲಿ ಆ ಕಾಲದಲ್ಲಿ ಕ್ಯಾಂಪರ್‌ನವರನ್ನು ಕಾಡುವುದು ಎರಡೇ: ಗಾಳಿ, ಮತ್ತು ಬೇಗ ಮುಗಿದುಹೋಗುವ ಹಗಲು. ನಿಮ್ಮ ವಿಷಯದಲ್ಲಿ ಮೂರನೆಯದೂ ಒಂದಿದೆ, ಅಮ್ಮನ ವೀಸಾ. ಅದು ಸರಿಯಿಲ್ಲದಿದ್ದರೆ ಉಳಿದ ಮಾತೆಲ್ಲ ದಂಡ, ಹಾಗಾಗಿ ಅದನ್ನೇ ಮೊದಲು ಮುಗಿಸುತ್ತೇನೆ.

ಅಮ್ಮನ ಪಾಸ್‌ಪೋರ್ಟ್ ತೆಗೆದು ವೀಸಾ ಸ್ಟಿಕರ್ ನೋಡಿ. ಎಂಟ್ರಿ ಅನ್ನುವ ಕಡೆ 01 ಅಂತ ಇದೆಯಾ, ಮಲ್ಟ್ ಅಂತ ಇದೆಯಾ? ಸ್ಲೊವೇನಿಯಾ ಮತ್ತು ಕ್ರೊಯೇಷಿಯಾ ಎರಡೂ ಷೆಂಗೆನ್ ಒಳಗಿವೆ, ಅಂದರೆ ಜರ್ಮನಿಯ ಹಾಗೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪ್ ದೇಶಗಳ ಗುಂಪಿನಲ್ಲಿ. ಕ್ರೊಯೇಷಿಯಾ ಸೇರಿದ್ದು 2023ರ ಜನವರಿ 1ರಂದು, ಯುರೋ ಬಂದದ್ದೂ ಅವತ್ತೇ. ಮಾಂಟೆನೆಗ್ರೊ ಮತ್ತು ಅಲ್ಬೇನಿಯಾ ಹೊರಗಿವೆ. ದುಬ್ರೋವ್ನಿಕ್ ದಾಟಿ ಮಾಂಟೆನೆಗ್ರೊ ಗಡಿಯಲ್ಲಿ ಕಾಲಿಟ್ಟ ಕ್ಷಣ ನೀವು ಷೆಂಗೆನ್ ಬಿಟ್ಟ ಹಾಗೆ. 01 ಇದ್ದರೆ ಅಮ್ಮ ವಾಪಸ್ ಬರುವ ಹಾಗಿಲ್ಲ. ಮಲ್ಟ್ ಇದ್ದರೆ, ಈಗಾಗಲೇ ಜರ್ಮನಿಗೆ ಬಂದು ಅದನ್ನು ಬಳಸಿಯೂ ಆಗಿರುವುದರಿಂದ, ಅಲ್ಬೇನಿಯಾಕ್ಕೆ ಬೇರೆ ವೀಸಾ ಬೇಡ. ಮಾಂಟೆನೆಗ್ರೊ ಕೂಡ ಚಾಲ್ತಿಯಲ್ಲಿರುವ ಷೆಂಗೆನ್ ವೀಸಾ ನೋಡಿ 30 ದಿನದವರೆಗೆ ಬಿಡುತ್ತದೆ. ನಿಮ್ಮಿಬ್ಬರ ಬಳಿ ಜರ್ಮನಿಯ ರೆಸಿಡೆನ್ಸ್ ಕಾರ್ಡ್ ಇರುತ್ತದಲ್ಲ, ಅಲ್ಲಿ ತಲೆನೋವು ಕಡಿಮೆ. ಇಂಥ ನಿಯಮ ಬದಲಾಗುತ್ತಲೇ ಇರುತ್ತವೆ, ಹೊರಡುವ ವಾರ ಎರಡೂ ದೇಶಗಳ ವಿದೇಶಾಂಗ ಇಲಾಖೆಯ ಪುಟವನ್ನು ಇನ್ನೊಮ್ಮೆ ನೋಡಿಬಿಡಿ.

01 ಅಂತಿದ್ದರೂ ಪ್ರವಾಸ ಕೈಬಿಡಬೇಕಾಗಿಲ್ಲ. ದುಬ್ರೋವ್ನಿಕ್‌ವರೆಗೆ ಹೋಗಿ ತಿರುಗಿ ಬನ್ನಿ. ಮೊದಲಾದರೆ ಇದೂ ಆಗುತ್ತಿರಲಿಲ್ಲ. ದುಬ್ರೋವ್ನಿಕ್‌ಗೂ ಉಳಿದ ಕ್ರೊಯೇಷಿಯಾಕ್ಕೂ ನಡುವೆ ಬೋಸ್ನಿಯಾದ ಪುಟ್ಟ ಕರಾವಳಿ ತುಂಡು ಇದೆ, ನೆಯುಮ್ ಅನ್ನುವ ಊರು. ರಸ್ತೆಯಲ್ಲಿ ಹೋಗುವವರೆಲ್ಲ ಅದನ್ನು ದಾಟಲೇಬೇಕಿತ್ತು. 2022ರ ಜುಲೈನಲ್ಲಿ ಪೆಲ್ಯೆಶಾತ್ಸ್ ಸೇತುವೆ ತೆರೆಯಿತು. ಸುಮಾರು 2.4 ಕಿ.ಮೀ. ಉದ್ದ, ಟೋಲ್ ಇಲ್ಲ. ಈಗ ಬೋಸ್ನಿಯಾ ಮುಟ್ಟದೆಯೇ ಹೋಗಬಹುದು.

ವ್ಯಾನ್ ಕಾಗದದ ಬಗ್ಗೆ ಎರಡು ಮಾತು. ಬಾಡಿಗೆ ಕೊಡುವ ಎಷ್ಟೋ ಕಂಪನಿಗಳು ಅಲ್ಬೇನಿಯಾಕ್ಕೆ ಗಾಡಿ ಬಿಡುವುದಿಲ್ಲ. ಕೌಂಟರ್‌ನಲ್ಲಿ ಬಾಯಿಮಾತಿಗೆ "ಓಕೆ" ಅಂದರೆ ಸಾಲದು, ಬರೆದು ಕೊಡಲಿ. ಇನ್ಶೂರೆನ್ಸ್‌ನ ಗ್ರೀನ್ ಕಾರ್ಡ್ (ಗಾಡಿಯ ಇನ್ಶೂರೆನ್ಸ್ ಯಾವ ಯಾವ ದೇಶದಲ್ಲಿ ನಡೆಯುತ್ತದೆ ಅಂತ ತೋರಿಸುವ ಕಾಗದ) ಕೇಳಿ, ಅದರಲ್ಲಿ ಅಲ್ಬೇನಿಯಾದ ಚೌಕದ ಮೇಲೆ ಗೀಟು ಹಾಕಿಲ್ಲ ತಾನೇ ಅಂತ ನೋಡಿ. ಗಡಿಯಲ್ಲಿ ಇನ್ಶೂರೆನ್ಸ್ ಕೊಂಡರೆ ಅದು ನೀವು ಬೇರೆಯವರಿಗೆ ಮಾಡಿದ ಹಾನಿಗೆ ಮಾತ್ರ. ನಿಮ್ಮ ವ್ಯಾನ್‌ಗೆ ಪೆಟ್ಟಾದರೆ ಪೂರ್ತಿ ನಿಮ್ಮ ತಲೆಗೇ. ಮತ್ತೆ ಟೈರು. ಸ್ಲೊವೇನಿಯಾ, ಕ್ರೊಯೇಷಿಯಾ, ಮಾಂಟೆನೆಗ್ರೊ ಮೂರರಲ್ಲೂ ನವೆಂಬರ್ 15ರಿಂದ ಚಳಿಗಾಲದ ಟೈರಿನ ನಿಯಮ ಶುರುವಾಗುತ್ತದೆ. ಕರಾವಳಿಯಲ್ಲಿ ಹಿಮ ಬೀಳುವುದು ಅಪರೂಪ, ಆದರೆ ಅಲ್ಲಿಗೆ ಮುಟ್ಟಲು ಆಲ್ಪ್ಸ್ ದಾಟಬೇಕಲ್ಲ. ಟೈರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳಿನ ಗುರುತು ಇರಬೇಕು.

ಇನ್ನು ಗಾಳಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಹೆಚ್ಚಿನವರು ಇಲ್ಲೇ ಎಡವುವುದು.

ರಿಯೇಕಾದಿಂದ ದಕ್ಷಿಣಕ್ಕೆ ಹೊರಟರೆ ಎಡಗಡೆ ವೆಲೆಬಿಟ್ ಬೆಟ್ಟಸಾಲು ಗೋಡೆಯಂತೆ ನಿಂತಿರುತ್ತದೆ. 1,700 ಮೀಟರ್ ದಾಟುವ ಎತ್ತರ. ನಮ್ಮಲ್ಲಿ ಘಟ್ಟ ಇಳಿದ ಮೇಲೆ ಸಮುದ್ರಕ್ಕೆ ಒಂದಿಷ್ಟು ದೂರ ಇರುತ್ತದೆ. ಇಲ್ಲಿ ಘಟ್ಟದ ಬುಡಕ್ಕೇ ಸಮುದ್ರ. ನಡುವೆ ಒಂದು ರಸ್ತೆಗಾಗುವಷ್ಟು ಜಾಗ, ಅಷ್ಟೇ. ಬೆಟ್ಟದ ಆಚೆ ಲಿಕಾ ಅನ್ನುವ ಎತ್ತರದ ಬಯಲು. ಚಳಿಗಾಲ ಹತ್ತಿರ ಬಂದಂತೆ ಆ ಬಯಲಿನಲ್ಲಿ ತಣ್ಣನೆಯ ಭಾರದ ಗಾಳಿ ತುಂಬಿಕೊಳ್ಳುತ್ತದೆ, ಕೆರೆಯಲ್ಲಿ ನೀರು ನಿಂತ ಹಾಗೆ. ಕೆರೆ ತುಂಬಿದರೆ ಕೋಡಿ ಹರಿಯಬೇಕಲ್ಲ? ಹಾಗೆಯೇ ಅದು ಕಣಿವೆಗಳ ಮೂಲಕ ಉಕ್ಕಿ ಸಮುದ್ರದ ಕಡೆ ಧುಮುಕುತ್ತದೆ. ಅದಕ್ಕೆ ಬುರಾ ಅಂತ ಹೆಸರು. ಸೆನ್ಯ್ ಅನ್ನುವ ಪುಟ್ಟ ಊರು ಸರಿಯಾಗಿ ಅಂಥ ಕೋಡಿಯ ಕೆಳಗೇ ಇದೆ. "ಬುರಾ ಹುಟ್ಟುವುದು ಸೆನ್ಯ್‌ನಲ್ಲಿ, ಮದುವೆಯಾಗುವುದು ರಿಯೇಕಾದಲ್ಲಿ, ಸಾಯುವುದು ಟ್ರೀಸ್ಟ್‌ನಲ್ಲಿ" ಅಂತ ಅಲ್ಲಿಯವರ ಮಾತು.

ಬುರಾ ಒಂದೇ ಸಮನೆ ಬೀಸುವ ಗಾಳಿಯಲ್ಲ. ನಿಲ್ಲುತ್ತದೆ, ಸುಮ್ನಿರುತ್ತದೆ, ಆಮೇಲೆ ಗುದ್ದುತ್ತದೆ. ಜೋರಾದ ಬುರಾದಲ್ಲಿ ಆ ಗುದ್ದು ಗಂಟೆಗೆ 200 ಕಿ.ಮೀ. ದಾಟಿದ್ದೂ ಉಂಟು. ನಿಮ್ಮ ವ್ಯಾನ್ ಎರಡೂವರೆ ಮೀಟರ್‌ಗಿಂತ ಎತ್ತರದ ತಗಡಿನ ಗೋಡೆ, ಲೆಕ್ಕ ನೀವೇ ಹಾಕಿಕೊಳ್ಳಿ. ಮೋಸ ಏನೆಂದರೆ, ಬುರಾ ಬರುವ ದಿನ ಆಕಾಶ ಹೆಚ್ಚಾಗಿ ಶುಭ್ರವಾಗಿರುತ್ತದೆ. ಬಿಸಿಲು, ನೀಲಿ ಸಮುದ್ರ, ಫೋಟೋ ತೆಗೆಯುವಂಥ ದಿನ. ನೋಡಬೇಕಾದ್ದು ಬೆಟ್ಟದ ನೆತ್ತಿಯನ್ನು. ವೆಲೆಬಿಟ್ ಶಿಖರದುದ್ದಕ್ಕೂ ಬಿಳಿ ಮೋಡ ಟೋಪಿ ಹಾಕಿದಂತೆ ಕೂತಿದ್ದರೆ, ಸಮುದ್ರದ ಮೇಲೆ ಹೊಗೆಯಂಥ ತುಂತುರು ಓಡುತ್ತಿದ್ದರೆ, ಕಾಫಿ ಮಾಡಿಕೊಂಡು ಅಲ್ಲೇ ಕೂತುಬಿಡಿ.

ಮೊದಲ ಸಲ ಹೋದಾಗ ನನಗೆ ಇದು ಗೊತ್ತಿರಲಿಲ್ಲ. ಕಾರ್ಲೊಬಾಗ್ ಹತ್ತಿರ ರಸ್ತೆ ಬದಿ ನಿಲ್ಲಿಸಿ, ಚಿತ್ರ ತೆಗೆಯೋಣ ಅಂತ ಡ್ರೈವರ್ ಬಾಗಿಲ ಹಿಡಿ ಎಳೆದೆ. ಬಾಗಿಲು ನನ್ನ ಕೈಯಿಂದ ಕಿತ್ತುಕೊಂಡು ಪೂರ್ತಿ ತೆರೆದು, ಮುಂದಿನ ತಗಡಿಗೆ ಬಡಿಯಿತು. ಆಮೇಲೆ ಮುಚ್ಚಿದರೆ ಮೇಲ್ತುದಿಯಲ್ಲಿ ಒಂದು ಬೆರಳು ತೂರುವಷ್ಟು ಸಂದು. ಕೀಲು ಬಾಗಿತ್ತು. ಉಳಿದ ಹನ್ನೊಂದು ದಿನ ಆ ಸಂದಿಗೆ ಟವೆಲ್ ತುರುಕಿಕೊಂಡು ಓಡಿಸಿದೆ, ಡಿಪಾಸಿಟ್ ಪೂರ್ತಿ ಹೋಯಿತು. ಈಗಲೂ ಅಲ್ಲಿ ನಿಲ್ಲಿಸುವಾಗ ಮೂಗು ಗಾಳಿಯ ಕಡೆಗೆ ಇಟ್ಟೇ ನಿಲ್ಲಿಸುತ್ತೇನೆ, ಆಗ ಗಾಳಿ ಬಾಗಿಲನ್ನು ಮುಚ್ಚಲು ನೋಡುತ್ತದೆ, ಕೀಳಲು ಅಲ್ಲ. ಎರಡೂ ಬಾಗಿಲನ್ನು ಒಟ್ಟಿಗೆ ತೆರೆಯಬೇಡಿ. ಛಾವಣಿಯ ಕಿಂಡಿ ಮುಚ್ಚಿದೆಯಾ ಅಂತ ಎರಡು ಸಲ ನೋಡಿ. ಮೇಲಕ್ಕೆ ಎತ್ತುವ ಬಟ್ಟೆ ಛಾವಣಿಯ ವ್ಯಾನ್ ತೋರಿಸಿದರೆ ಬೇಡ ಅನ್ನಿ, ನವೆಂಬರ್‌ಗೆ ಅದು ಹೇಳಿದ್ದಲ್ಲ.

ಹಾಗಾಗಿ ಉತ್ತರ ಕ್ರೊಯೇಷಿಯಾದಲ್ಲಿ ತಡ ಮಾಡಬೇಡಿ. ಕ್ರೊಯೇಷಿಯಾದ ಆಟೋ ಕ್ಲಬ್ ಎಚ್‌ಎಕೆ ಅಂತ ಇದೆ, ಅದರ ಆ್ಯಪ್‌ನಲ್ಲಿ ಯಾವ ರಸ್ತೆ ಯಾವ ಗಾಡಿಗೆ ಮುಚ್ಚಿದೆ ಅಂತ ಆಗಿಂದಾಗಲೇ ತೋರಿಸುತ್ತಾರೆ. ಬುರಾ ಬಂದರೆ ಮೊದಲು ತಡೆಯುವುದು ಬೈಕು, ಕ್ಯಾರವಾನ್, ಎತ್ತರದ ಗಾಡಿಗಳನ್ನೇ. ಪಾಗ್ ಸೇತುವೆ, ಕ್ರ್ಕ್ ಸೇತುವೆ, ಮಾಸ್ಲೆನಿತ್ಸಾ ಸೇತುವೆ, ಸೆನ್ಯ್‌ನ ಕರಾವಳಿ ರಸ್ತೆ: ಈ ಹೆಸರುಗಳು ಕಂಡರೆ ಜಾಗ್ರತೆ. ಎ1 ಹೆದ್ದಾರಿ ಹಿಡಿದರೂ ಪೂರ್ತಿ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಅದರಲ್ಲಿ ಸ್ವೇತಿ ರೋಕ್ ಅನ್ನುವ 5.7 ಕಿ.ಮೀ. ಸುರಂಗ ಬರುತ್ತದೆ. ಒಳಗೆ ಹೋಗುವಾಗ ಮಂಜು, ಎರಡೋ ಮೂರೋ ಡಿಗ್ರಿ, ಬೋಳು ಮರಗಳು. ಆಚೆ ಬಂದರೆ ಬಿಸಿಲು, ಕೆಳಗೆ ಸಮುದ್ರ, ಹತ್ತು ಡಿಗ್ರಿ ಜಾಸ್ತಿ. ಎಲ್ಲರೂ "ಆಹಾ" ಅನ್ನುತ್ತಾರೆ. ಗಾಳಿ ಬಡಿಯುವುದೂ ಸರಿಯಾಗಿ ಆಗಲೇ. ಸ್ಟಿಯರಿಂಗ್ ಎರಡೂ ಕೈಯಲ್ಲಿ ಇರಲಿ, ಫೋಟೋ ಹಿಂದೆ ಕೂತವರು ತೆಗೆಯಲಿ.

ಬುರಾ ಬಿಟ್ಟರೆ ಯುಗೊ. ಹೆಸರಿನ ಅರ್ಥವೇ ದಕ್ಷಿಣ, ಅಂದರೆ ತೆಂಕಣ ಗಾಳಿ. ಬೆಚ್ಚಗೆ, ಒದ್ದೆಯಾಗಿ, ಎರಡು ಮೂರು ದಿನ ಬಿಡದೆ ಬೀಸುತ್ತದೆ. ಮಳೆ ಸುರಿಯುತ್ತದೆ, ಮೈ ಜಡವಾಗುತ್ತದೆ, ಮನೆಯವರೆಲ್ಲ ಕಿರಿಕಿರಿ ಮಾಡುತ್ತಾರೆ. ಹಳೆಯ ದುಬ್ರೋವ್ನಿಕ್ ಗಣರಾಜ್ಯದಲ್ಲಿ ಯುಗೊ ಬೀಸುವಾಗ ದೊಡ್ಡ ತೀರ್ಮಾನ ಮಾಡುತ್ತಿರಲಿಲ್ಲ ಅಂತ ಒಂದು ಕಥೆಯೇ ಇದೆ. ಅದರಿಂದ ವ್ಯಾನ್ ಉರುಳುವ ಭಯ ಕಡಿಮೆ, ಆದರೆ ಸಮುದ್ರದ ಕಟ್ಟೆಯ ಪಕ್ಕ ರಾತ್ರಿ ನಿಲ್ಲಿಸಬೇಡಿ. ಅಲೆ ಕಟ್ಟೆ ಹತ್ತಿ ಬರುತ್ತದೆ.

ಈಗ ನಿಮ್ಮ 300 ಕಿ.ಮೀ. ನವೆಂಬರ್ ಕೊನೆಯಲ್ಲಿ ಸ್ಪ್ಲಿಟ್‌ನಲ್ಲಿ ಸಂಜೆ ನಾಲ್ಕೂವರೆಗೆ ಮೊದಲೇ ಸೂರ್ಯ ಮುಳುಗುತ್ತಾನೆ. ಐದಕ್ಕೆ ಕಗ್ಗತ್ತಲು. ಬೆಳಿಗ್ಗೆ ತಿಂಡಿ, ಪಾತ್ರೆ, ಹಾಸಿಗೆ ಮಡಿಸುವುದು, ನೀರು ತುಂಬುವುದು ಎಲ್ಲ ಮುಗಿದು ಮೂರು ಜನ ಹೊರಡುವಾಗ ಹತ್ತು ಗಂಟೆ. ಇಲ್ಲ, ನಾವು ಎಂಟಕ್ಕೇ ಹೊರಡುತ್ತೇವೆ ಅಂತ ನೀವು ಅನ್ನಬಹುದು. ನಾನೂ ಅಂದುಕೊಂಡಿದ್ದೆ. ಕತ್ತಲಲ್ಲಿ ಆ ತಿರುವು ರಸ್ತೆಯಲ್ಲಿ ಮಲಗುವ ಜಾಗ ಹುಡುಕುವುದು ಬೇಡ. ಕರಾವಳಿ ರಸ್ತೆಯಲ್ಲಿ ದಿನಕ್ಕೆ 120-150 ಕಿ.ಮೀ., ಮೂರೂವರೆಗೆ ನಿಂತಿರಬೇಕು. ಮ್ಯೂನಿಕ್‌ನಿಂದ ರಿಯೇಕಾದವರೆಗಿನ ಹೆದ್ದಾರಿಯಲ್ಲಿ ಬೇಕಿದ್ದರೆ ಒಂದೇ ದಿನ ಓಡಿಸಿ, ಅಲ್ಲಿ ಪರವಾಗಿಲ್ಲ. ಮೂರು ವಾರದಲ್ಲಿ ಕನಿಷ್ಠ ನಾಲ್ಕು ದಿನ ಏನೂ ಬರೆಯದೆ ಖಾಲಿ ಬಿಡಿ. ಬುರಾ ಅವುಗಳಲ್ಲಿ ಎರಡನ್ನಾದರೂ ತಿನ್ನುತ್ತದೆ.

ಮಲಗುವುದೆಲ್ಲಿ? ಕ್ರೊಯೇಷಿಯಾದಲ್ಲಿ ಸಿಕ್ಕಲ್ಲಿ ನಿಲ್ಲಿಸಿ ಮಲಗುವುದು ಕಾನೂನಿಗೆ ವಿರುದ್ಧ, ದಂಡ ನೂರಾರು ಯುರೋ. ಹೆಚ್ಚಿನ ಕ್ಯಾಂಪ್‌ಗಳು ಅಕ್ಟೋಬರ್ ಮುಗಿಯುವಷ್ಟರಲ್ಲಿ ಬಾಗಿಲು ಹಾಕುತ್ತವೆ. ಕೆಲವು ವರ್ಷವಿಡೀ ತೆರೆದಿರುತ್ತವೆ, ಸ್ಪ್ಲಿಟ್ ಪಕ್ಕದ ಸ್ತೋಬ್ರೆಚ್‌ನಲ್ಲಿ ಅಂಥದ್ದೊಂದಿದೆ. ಆದರೆ ನಕ್ಷೆಯಲ್ಲಿ "ತೆರೆದಿದೆ" ಅಂತ ಇದ್ದ ಮಾತ್ರಕ್ಕೆ ನಂಬಬೇಡಿ, ಬೆಳಿಗ್ಗೆಯೇ ಫೋನ್ ಮಾಡಿ ಕೇಳಿ. ಪಾರ್ಕ್‌ಫಾರ್‌ನೈಟ್ ಆ್ಯಪ್‌ನಲ್ಲಿ ಹಿಂದಿನ ವರ್ಷದ ನವೆಂಬರ್‌ನಲ್ಲಿ ಜನ ಏನು ಬರೆದಿದ್ದಾರೆ ಅಂತ ಹುಡುಕಿ ಓದಿ. ಜುಲೈನಲ್ಲಿ ಬರೆದದ್ದು ನಿಮ್ಮ ಉಪಯೋಗಕ್ಕೆ ಬರಲ್ಲ. ಅಲ್ಬೇನಿಯಾದಲ್ಲಿ ಈ ಬಿಗಿ ಇಲ್ಲ. ಸಮುದ್ರದ ಪಕ್ಕದ ಹೋಟೆಲಿನವರು ಊಟ ಮಾಡಿದರೆ ಅಂಗಳದಲ್ಲೇ ನಿಲ್ಲಿಸಿಕೊಳ್ಳಿ ಅನ್ನುತ್ತಾರೆ.

ವ್ಯಾನ್ ಆರಿಸುವಾಗ ಹೀಟರ್ ಯಾವುದರಿಂದ ಓಡುತ್ತದೆ ಅಂತ ಮೊದಲು ಕೇಳಿ. ಗ್ಯಾಸ್ ಹೀಟರ್ ಇದ್ದರೆ 11 ಕಿಲೋ ಸಿಲಿಂಡರ್ ಆ ಹವೆಯಲ್ಲಿ ಒಂದು ವಾರ ಬಂದರೆ ಪುಣ್ಯ. ಜರ್ಮನಿಯ ಸಿಲಿಂಡರನ್ನು ಕ್ರೊಯೇಷಿಯಾದಲ್ಲಾಗಲಿ ಅಲ್ಬೇನಿಯಾದಲ್ಲಾಗಲಿ ಕೊಟ್ಟು ಬೇರೆ ತಗೊಳ್ಳಲು ಆಗುವುದಿಲ್ಲ, ದೇಶಕ್ಕೊಂದು ಬಗೆ. ಡೀಸೆಲ್ ಹೀಟರ್ ಇರುವ ವ್ಯಾನ್ ಸಿಕ್ಕರೆ ಇಪ್ಪತ್ತು ಯುರೋ ಜಾಸ್ತಿಯಾದರೂ ಅದನ್ನೇ ತಗೊಳ್ಳಿ. ಟ್ಯಾಂಕ್‌ನಲ್ಲಿ ಡೀಸೆಲ್ ಇರುವವರೆಗೆ ಬೆಚ್ಚಗಿರುತ್ತೀರಿ, ಗ್ಯಾಸ್ ಬರೀ ಅಡುಗೆಗೆ ಉಳಿಯುತ್ತದೆ.

ಅಡುಗೆ ಅಂದೆನಲ್ಲ, ಅದರ ಗುಟ್ಟು ಇದು. ಚಳಿಗಿಂತ ನಿಮಗೆ ಜಾಸ್ತಿ ತೊಂದರೆ ಕೊಡುವುದು ಒಳಗಿನ ತೇವ. ಮೂರು ಜನರ ಉಸಿರು, ಒದ್ದೆ ಜಾಕೆಟ್, ಮೇಲೆ ಅನ್ನ ಸಾರು. ಕುಕ್ಕರ್ ಮೂರು ಸಲ ಕೂಗಿತು ಅಂದರೆ ಕಿಟಕಿ ಗಾಜಿನಿಂದ ನೀರು ಇಳಿಯಲು ಶುರು. ಬೆಳಿಗ್ಗೆ ಎದ್ದರೆ ದಿಂಬಿನ ಅಂಚು ಒದ್ದೆ, ಹಾಸಿಗೆಯ ಅಡಿ ಒದ್ದೆ, ನಾಲ್ಕನೇ ದಿನ ಮುಗ್ಗಲು ವಾಸನೆ. ಕುಕ್ಕರ್ ತಗೊಂಡು ಹೋಗಿ, ಅದು ಗ್ಯಾಸ್ ಉಳಿಸುತ್ತದೆ. ಆದರೆ ಒಂದೇ ಕೂಗಿಗೆ ಉರಿ ಆರಿಸಿ, ಹಾಗೇ ಹೊರಗೆ ಮೆಟ್ಟಿಲ ಮೇಲೆ ಇಟ್ಟುಬಿಡಿ. ಟವೆಲ್ ಸುತ್ತಿಟ್ಟರೆ ಅನ್ನ ಅದರ ಬಿಸಿಯಲ್ಲೇ ಬೇಯುತ್ತದೆ, ಹಬೆ ಹೊರಗೇ ಹೋಗುತ್ತದೆ. ಒಗ್ಗರಣೆ ಹಾಕುವಾಗ ಒಲೆಯ ಮೇಲಿನ ಕಿಂಡಿ ಪೂರ್ತಿ ತೆರೆದಿರಲಿ. ರಾತ್ರಿ ಹೀಟರ್ ಹಾಕಿದ್ದರೂ ಛಾವಣಿ ಕಿಂಡಿಯನ್ನು ಎರಡು ಬೆರಳಷ್ಟು ತೆರೆದೇ ಮಲಗಿ, ಬುರಾ ಇಲ್ಲದಿದ್ದರೆ. "ಹೀಟರ್ ಹಾಕಿ ಕಿಟಕಿ ತೆಗೆಯೋದಾ" ಅಂತ ಅಮ್ಮ ಬೈಯುತ್ತಾರೆ. ಬೈಯಲಿ, ಮರುದಿನ ಹಾಸಿಗೆ ಒಣಗಿರುವುದು ನೋಡಿ ಸುಮ್ಮನಾಗುತ್ತಾರೆ.

ಸ್ಪ್ಲಿಟ್ ದಾಟಿದ ಮೇಲೆ ಕಾಲ ನಿಧಾನವಾಗಲಿ. ನೆರೆತ್ವಾ ನದಿಯ ಮುಖದಲ್ಲಿ, ಒಪುಜೆನ್ ಊರಿನ ಸುತ್ತ, ಮ್ಯಾಂಡರಿನ್ ಕಿತ್ತಳೆಯ ಕೊಯ್ಲು ನಡೆದಿರುತ್ತದೆ. ರಸ್ತೆ ಬದಿಯಲ್ಲಿ ಬುಟ್ಟಿ ಇಟ್ಟುಕೊಂಡು ಮಾರುತ್ತಾರೆ. ಎಲೆ ಇನ್ನೂ ತೊಟ್ಟಿಗೇ ಇರುವಂಥ ಹಣ್ಣು ಕೊಳ್ಳಿ, ವ್ಯಾನ್ ತುಂಬಾ ಘಮ ಇರುತ್ತದೆ. ದುಬ್ರೋವ್ನಿಕ್‌ನ ಬಗ್ಗೆ ನಾನು ಹೇಳುವುದೇನೂ ಇಲ್ಲ, ಬೇಸಿಗೆಯಲ್ಲಿ ನೂಕುನುಗ್ಗಲು, ನವೆಂಬರ್‌ನಲ್ಲಿ ಕೋಟೆ ಗೋಡೆಯ ಮೇಲೆ ನಿಮ್ಮ ಹೆಜ್ಜೆ ಸಪ್ಪಳ ನಿಮಗೇ ಕೇಳುತ್ತದೆ. ಒಂದು ದಿನ ಸಾಕು.

ಮಾಂಟೆನೆಗ್ರೊದ ಕೊಟೊರ್ ಕೊಲ್ಲಿ ಸುಂದರ, ಆದರೆ ಮಳೆ ನೋಡಿಕೊಂಡು ಹೋಗಿ. ಕೊಲ್ಲಿಯ ಮೇಲಿನ ಬೆಟ್ಟದಲ್ಲಿ ತ್ಸ್ರ್‌ಕ್ವಿತ್ಸೆ ಅಂತ ಒಂದು ಹಳ್ಳಿ ಇದೆ. ವರ್ಷಕ್ಕೆ ಸರಾಸರಿ 4,600 ಮಿ.ಮೀ. ಮಳೆ, ಯುರೋಪಿನಲ್ಲೇ ಅತಿ ಹೆಚ್ಚು ಅಂತ ಹೆಸರು. ನಮ್ಮ ಆಗುಂಬೆಗೆ ಇದು ಸಾಟಿಯಲ್ಲ ಬಿಡಿ. ಆದರೆ ಆಗುಂಬೆಯಲ್ಲಿ ಮಳೆಗಾಲ ಜೂನ್‌ನಲ್ಲಿ ಶುರುವಾದರೆ ಇಲ್ಲಿ ಮಳೆ ಜೋರಾಗುವುದೇ ನವೆಂಬರ್ ಹೊತ್ತಿಗೆ. ರಸ್ತೆಗೆ ಕಲ್ಲು ಉರುಳುವ ಬೋರ್ಡು ಕಂಡಲ್ಲಿ ನಿಲ್ಲಿಸಬೇಡಿ. ಕೊಲ್ಲಿ ಸುತ್ತಿ ಹೋಗುವ ಬದಲು ಕಾಮೆನಾರಿಯಿಂದ ಲೆಪೆತಾನೆಗೆ ಫೆರಿ ಇದೆ, ಹಗಲು ರಾತ್ರಿ ಓಡುತ್ತದೆ. ಆದರೆ ಕೊಲ್ಲಿಯ ದಡದ ಪೆರಾಸ್ಟ್ ಊರು ನೋಡಬೇಕೆಂದರೆ ಸುತ್ತಲೇಬೇಕು, ಸುತ್ತಿ.

ಮಾಂಟೆನೆಗ್ರೊ ಗಡಿಯಿಂದ ಮುಂದೆ ನಿಮ್ಮ ಜರ್ಮನ್ ಸಿಮ್‌ನ ಯುರೋಪ್ ರೋಮಿಂಗ್ ನಡೆಯುತ್ತದೆ ಅಂತ ಅಂದುಕೊಳ್ಳಬೇಡಿ, ಬಿಲ್ ನೋಡಿ ಎದೆ ಒಡೆಯುತ್ತದೆ. ಡೇಟಾ ಆಫ್ ಮಾಡಿ, ಅಲ್ಲಿಯ ಸಿಮ್ ಹಾಕಿಕೊಳ್ಳಿ. ಮಾಂಟೆನೆಗ್ರೊದಲ್ಲಿ ಯುರೋ ನಡೆಯುತ್ತದೆ, ಅಲ್ಬೇನಿಯಾದಲ್ಲಿ ಲೆಕ್. ಅಲ್ಬೇನಿಯಾ ಗಡಿ ದಾಟಿದ ಮೇಲೆ ಸಿಗುವ ಶ್ಕೋಡರ್ ಊರಿನ ಸುತ್ತಮುತ್ತ ತಗ್ಗು ಪ್ರದೇಶ, ಜೋರು ಮಳೆ ಬಂದರೆ ನದಿ ಹೊಲಕ್ಕೆ ನುಗ್ಗುತ್ತದೆ, ಮಳೆ ವಾರವಾಗಿದ್ದರೆ ಅಲ್ಲಿ ಉಳಿಯದೆ ಮುಂದೆ ಹೋಗಿ. ಅಲ್ಬೇನಿಯಾದಲ್ಲಿ ರಾತ್ರಿ ಓಡಿಸುವುದು ಬೇಡವೇ ಬೇಡ. ದೀಪವಿಲ್ಲದ ಗಾಡಿ, ದನ, ನಡೆದುಕೊಂಡು ಹೋಗುವವರು, ಎಲ್ಲ ಅದೇ ರಸ್ತೆಯಲ್ಲಿ. ಊರಿನಲ್ಲಿ ಓಡಿಸಿ ಅಭ್ಯಾಸವಿದ್ದರೆ ಈ ಮಾತು ಅರ್ಥವಾಗುತ್ತದೆ.

ನಿಮ್ಮ ಪ್ರವಾಸದ ಅತಿ ಒಳ್ಳೆಯ ದಿನಗಳು ವ್ಲೋರಾ ದಾಟಿದ ಮೇಲೆ ಬರುತ್ತವೆ. ಲೋಗರಾ ಘಾಟಿ ಸಾವಿರ ಮೀಟರ್‌ಗಿಂತ ಎತ್ತರ. 2024ರಲ್ಲಿ ಅದರ ಕೆಳಗೆ ಸುಮಾರು 6 ಕಿ.ಮೀ. ಸುರಂಗ ತೆರೆದಿದ್ದಾರೆ. ಮೋಡವಿದ್ದರೆ ಸುರಂಗ ಹಿಡಿಯಿರಿ. ಆಕಾಶ ತಿಳಿಯಾಗಿದ್ದರೆ ಮಾತ್ರ ಹಳೆಯ ರಸ್ತೆ, ಮೇಲಿನಿಂದ ಅಯೋನಿಯನ್ ಸಮುದ್ರ ಪೂರ್ತಿ ಕಾಣುತ್ತದೆ. ಇಳಿಯುವಾಗ ಎರಡನೇ ಗೇರ್, ಬ್ರೇಕ್ ತುಳಿದೇ ಇಳಿದರೆ ಕೆಳಗೆ ಮುಟ್ಟುವಷ್ಟರಲ್ಲಿ ಸುಟ್ಟ ವಾಸನೆ ಬರುತ್ತದೆ. ಆಮೇಲೆ ಹಿಮಾರಾ, ಬೋರ್ಶ್, ಸರಾಂಡಾ. ಬೋರ್ಶ್‌ನ ಸುತ್ತ ಆಲಿವ್ ತೋಪುಗಳು, ಈ ಕಾಲದಲ್ಲಿ ಮರದ ಕೆಳಗೆ ಬಲೆ ಹಾಸಿ ಕಾಯಿ ಬಡಿಯುತ್ತಿರುತ್ತಾರೆ. ಬೇಸಿಗೆಯಲ್ಲಿ ಕಿಕ್ಕಿರಿದಿದ್ದ ಕಡಲ ತೀರದಲ್ಲಿ ಈಗ ನೀವು, ಎರಡು ನಾಯಿ, ಅಷ್ಟೇ. ಸಮುದ್ರದ ನೀರು ಇನ್ನೂ 18 ಡಿಗ್ರಿ ಹತ್ತಿರ, ಧೈರ್ಯವಿದ್ದರೆ ಮುಳುಗಿ. ಸರಾಂಡಾದ ಕೆಳಗೆ ಬುತ್ರಿಂತ್‌ನ ಹಳೆಯ ಗ್ರೀಕ್ ರೋಮನ್ ಊರು ಇದೆ. ಯುನೆಸ್ಕೊ ಪಟ್ಟಿಗೆ ಸೇರಿದ್ದು 1992ರಲ್ಲಿ. ಅಲ್ಲಿಗೆ ಒಂದು ಅರ್ಧ ದಿನ ಇಡಿ.

ಅಮ್ಮನ ಊಟಕ್ಕೆ ಹೆದರಬೇಡಿ. ಅಕ್ಕಿ ಎಲ್ಲೆಡೆ ಸಿಗುತ್ತದೆ. ತೊಗರಿಬೇಳೆ, ಸಾರಿನ ಪುಡಿ, ಹುಣಸೆಹಣ್ಣು ಮಾತ್ರ ಮ್ಯೂನಿಕ್‌ನಿಂದಲೇ ಒಯ್ಯಿರಿ. ಕ್ರೊಯೇಷಿಯಾದಲ್ಲಿ ಬ್ಲಿತ್ವಾ ಅಂತ ಸೊಪ್ಪು, ಆಲೂಗಡ್ಡೆಯ ಪಲ್ಯ ಸಿಗುತ್ತದೆ, ಬರೀ ಬೆಳ್ಳುಳ್ಳಿ, ಆಲಿವ್ ಎಣ್ಣೆ. ಆಯ್ವಾರ್ ಅನ್ನುವುದು ಸುಟ್ಟ ಕೆಂಪು ದಪ್ಪಮೆಣಸಿನಕಾಯಿಯ ಚಟ್ನಿ, ಒಂದು ಬಾಟಲಿ ಇದ್ದರೆ ಚಪಾತಿಗೆ ಮೂರು ದಿನ. ಅಲ್ಬೇನಿಯಾದಲ್ಲಿ ಬ್ಯುರೆಕ್ ಕೇಳಿ, ಪಾಲಕ್ ಹಾಕಿದ್ದು ಅಂತ ಬಿಡಿಸಿ ಹೇಳಿ, ಮಾಂಸ ಹಾಕಿದ್ದೂ ನೋಡಲು ಹಾಗೇ ಇರುತ್ತದೆ. ಫಾಸುಲೆ ಅಂದರೆ ಹುರುಳಿಕಾಯಿ ಬೀಜದ ಗಟ್ಟಿ ಸಾರು. ಒಳಗೆ ಮಾಂಸದ ತುಂಡು ಇದೆಯಾ ಅಂತ ಅದನ್ನೂ ಕೇಳಿಯೇ ತಗೊಳ್ಳಿ.

ವಾಪಸ್ ಬರುವಾಗ ಅದೇ ದಾರಿಯಲ್ಲಿ ಓಡಿಸಬೇಡಿ, ಬುರಾ ಇನ್ನೊಂದು ಸಲ ಕಾದಿರುತ್ತದೆ. ದುರೆಸ್ ಬಂದರಿನಿಂದ ಇಟಲಿಯ ಆಂಕೋನಾಕ್ಕೆ ಫೆರಿ ಇದೆ, ಒಂದು ರಾತ್ರಿಯ ಪ್ರಯಾಣ. ಅಥವಾ ಸರಾಂಡಾದಿಂದ ಗಡಿ ದಾಟಿ ಗ್ರೀಸ್‌ನ ಇಗುಮೆನಿತ್ಸಾದಿಂದ ಹತ್ತಿ. ನಿಮ್ಮ ದಿನಾಂಕ ನೋಡಿದರೆ ನಾನಾದರೆ ದುರೆಸ್ ಆರಿಸುತ್ತೇನೆ. ನವೆಂಬರ್ 28 ಅಲ್ಬೇನಿಯಾದ ಸ್ವಾತಂತ್ರ್ಯ ದಿನ, 1912ರಲ್ಲಿ ಅದನ್ನು ಘೋಷಿಸಿದ್ದು ವ್ಲೋರಾದಲ್ಲೇ. ಸರಾಂಡಾದಿಂದ ಮೇಲೆ ಬರುತ್ತಾ ಅವತ್ತು ವ್ಲೋರಾದಲ್ಲಿ ನಿಂತರೆ ಊರೆಲ್ಲ ಕೆಂಪು ಬಾವುಟ. ಮರುದಿನ ಬಂದರಿಗೆ ಹೋಗಬಹುದು. ಇಟಲಿಯಲ್ಲಿ ಇಳಿಯುವಾಗ ಅಮ್ಮನ ಬೆರಳಚ್ಚು, ಫೋಟೋ ತೆಗೆಯಬಹುದು, ಸಾಲು ಉದ್ದವಿದ್ದರೆ ಗಾಬರಿ ಬೇಡ.

ಇನ್ನೊಂದು. ಯುರೋಪ್ ಒಕ್ಕೂಟದ ಹೊರಗಿನಿಂದ ಒಳಗೆ ಬರುವಾಗ ಹಾಲಿನ ಪದಾರ್ಥ ತರುವ ಹಾಗಿಲ್ಲ, ನಮ್ಮ ಮನೆ ತುಪ್ಪವೂ ಅದರಲ್ಲೇ ಬರುತ್ತದೆ. ದಾವಣಗೆರೆಯಿಂದ ಬಂದ ಡಬ್ಬಿ ವ್ಯಾನಿನಲ್ಲಿದ್ದರೆ ದುರೆಸ್‌ಗೆ ಹೋಗುವ ಹಿಂದಿನ ರಾತ್ರಿಯೇ ಬಿಸಿ ಅನ್ನದ ಮೇಲೆ ಸುರಿದು ಖಾಲಿ ಮಾಡಿಬಿಡಿ.